ಗೇಟಿನವರು, ನಲ್ಲಿಯವರು ಮತ್ತು ನನ್ನ ಹೆಂಡತಿಯ ಫೋರ್ಕು

ಹೆಂಡತಿಯ ಸೈಕಲ್ಲಿಗೆ ಒಂದು ಫೋರ್ಕ್ ಮಾಡಿಸುವುದೇನು ಮಹಾ ಬ್ರಹ್ಮವಿದ್ಯೆಯೇ? ಇಟಲಿಯ ಇಡೀ ವೆನೆತೊ ಸೀಮೆಯಲ್ಲೇ ಇಲ್ಲದಂಥ ಕಸುಬುದಾರನನ್ನು ಹುಡುಕಿ, ಅಂಥದ್ದೊಂದು ಉಕ್ಕಿನ ಫೋರ್ಕ್ ಮಾಡಿಸಿಕೊಡುತ್ತೇನೆ ಎಂದು ನಾನು ಅಡುಗೆಮನೆಯಲ್ಲಿ ನಿಂತು ಘೋಷಿಸಿದೆ! ಸೌಟು ಕೈಯಲ್ಲಿದ್ದ ಫ್ಲಾವಿಯಾ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಸೌಟನ್ನು ಪಾತ್ರೆಯ ಅಂಚಿಗೆ ಟಕ್ ಎಂದು ಬಡಿದಳು. ಅದೇ ಭಯ.

ಫೋರ್ಕ್ ಎಂದರೆ ಊಟದ ಮೇಜಿನದಲ್ಲ ಮಾರಾಯರೇ. ಸೈಕಲ್ಲಿನ ಮುಂದಿನ ಚಕ್ರವನ್ನು ಎರಡು ಕಾಲುಗಳ ನಡುವೆ ಹಿಡಿದುಕೊಂಡಿರುತ್ತದಲ್ಲ, ಆ ಕವಲು. ಅದು ಬಾಗಿದ್ದು ಹೇಗೆ ಅಂತೀರಾ? ನಿಮಗೆ ಮಾತ್ರ ಹೇಳುತ್ತೇನೆ. ಕಾರಿನ ತಲೆ ಮೇಲೆ ಎರಡು ಸೈಕಲ್ ಕಟ್ಟಿಕೊಂಡು ಬಂದಿದ್ದೆ. ಒಂದು ನನ್ನದು, ಹಗುರವಾದ ಕಾರ್ಬನ್ ಫೈಬರಿನದು, ಅದರ ಬೆಲೆ ನನಗೂ ಅಂಗಡಿಯವನಿಗೂ ಬಿಟ್ಟರೆ ದೇವರಿಗೆ ಮಾತ್ರ ಗೊತ್ತು. ಇನ್ನೊಂದು ಫ್ಲಾವಿಯಾಳ ನೀಲಿ ಉಕ್ಕಿನ ಸೈಕಲ್, ತೀರಿಹೋದ ಅವಳಪ್ಪ ಕೊಡಿಸಿದ್ದು. ನಮ್ಮ ಮನೆಯ ಗೇಟಿನ ಮೇಲೊಂದು ಕಬ್ಬಿಣದ ಕಮಾನಿದೆ. ನಾನು ಜಾಣ! ಗೇಟಿನ ಮುಂದೆ ಕಾರು ನಿಲ್ಲಿಸಿ ಇಳಿದೆ. ನನ್ನ ಸೈಕಲ್ಲನ್ನು ಬಾಣಂತಿ ಮನೆಯ ಕೂಸಿನಂತೆ ಎತ್ತಿ ಗೋಡೆಗೆ ಒರಗಿಸಿದೆ. ಸಿಳ್ಳೆ ಹೊಡೆಯುತ್ತಾ ಮತ್ತೆ ಕಾರು ಹತ್ತಿದೆ. ಒಳಗೆ ಓಡಿಸಿದೆ.

ಧಡಾರ್!

ಕಮಾನು ಕದಲಲಿಲ್ಲ. ಮೇಲೆ ಉಳಿದಿದ್ದ ನೀಲಿ ಸೈಕಲ್ಲಿನ ಫೋರ್ಕ್ ಮಾತ್ರ ಹಿಂದಕ್ಕೆ ಮಡಚಿಕೊಂಡಿತು.

"ಏನಾಯ್ತು ಇದಕ್ಕೆ?" ಎಂದಳು ಫ್ಲಾವಿಯಾ, ಸಂಜೆ ಮನೆಗೆ ಬಂದವಳೇ.

"ಗಾಳಿ. ಬಿದ್ಬಿಡ್ತು."

"ಗಾಳಿಗೆ ಉಕ್ಕು ಬಾಗ್ತಾ?"

"ಜೋರು ಗಾಳಿ ಕಣೇ!"

"ಪಕ್ಕದಲ್ಲೇ ಇದ್ದ ನಿನ್ನ ಸೈಕಲ್ಲಿಗೆ ಏನೂ ಆಗ್ಲಿಲ್ಲ?"

"ಅದು ಕಾರ್ಬನ್. ಗಾಳಿ ಅದರ ಒಳಗಿಂದ ಹಾದು ಹೋಗತ್ತೆ."

ಅವಳು ನಂಬಿದಳೋ ಬಿಟ್ಟಳೋ, ವಿಷಯ ಮಾತ್ರ ಗಂಭೀರವಾಗಿತ್ತು. ತಿಂಗಳೊಳಗೆ ನಮ್ಮೂರಿನ ಹಳೇ ಸೈಕಲ್ಲುಗಳ ಸವಾರಿ. ಉಕ್ಕಿನ ಸೈಕಲ್, ಉಣ್ಣೆಯ ಅಂಗಿ, ಬೇರೆಯದಕ್ಕೆ ಪ್ರವೇಶವಿಲ್ಲ. ಹೋದ ವರ್ಷ ಕೊನೆಯ ಏರಿನಲ್ಲಿ ಔಷಧಿ ಅಂಗಡಿಯ ಒರ್ನೆಲ್ಲಾ ನನ್ನ ಹೆಂಡತಿಯನ್ನು ಹಿಂದೆ ಹಾಕಿದ್ದಳು. ಅಂದಿನಿಂದ ತಲೆನೋವಿನ ಮಾತ್ರೆ ಕೇಳಿದರೂ ಆ ಮಹಾತಾಯಿ, "ಮಂಡಿ ಹೇಗಿದೆ ಫ್ಲಾವಿಯಾ?" ಅನ್ನುತ್ತಾಳೆ.

"ಈ ಸಲ ಅಪ್ಪನ ಸೈಕಲ್ಲಲ್ಲೇ ಅವಳನ್ನ ಹಿಂದೆ ಹಾಕ್ಬೇಕು. ಫೋರ್ಕ್ ಬರ್ಲಿಲ್ಲ ಅಂದ್ರೆ ನಿನ್ನನ್ನ ಹೊರಗೆ ಹಾಕ್ತೀನಿ" ಎಂದಳು ಫ್ಲಾವಿಯಾ.

ನಾನು ಕನ್ನಡಕದ ಅಂಗಡಿಯವನು. ಪಕ್ಕದ ಊರಿನವನು, ಮದುವೆಯಾಗಿ ಇಲ್ಲಿಗೆ ಬಂದವನು. ಆದರೂ ಇಂಟರ್ನೆಟ್ಟಿನಲ್ಲಿ ಒಂದು ವಾರ ಅಧ್ಯಯನ ಮಾಡಿದೆ. ಕೊಳವೆಯ ದಪ್ಪ, ಬೆಸುಗೆಯ ಬಗೆ, ಬಾಗುವ ಕೋನ, ಯಾವುದನ್ನು ಕೇಳಿದರೂ ಹೇಳುವಷ್ಟಾದೆ. ಯಾರೂ ಕೇಳಲಿಲ್ಲ, ಅದು ಬೇರೆ ಮಾತು! ಊರಲ್ಲಿ ಅಳತೆ ಕೊಟ್ಟರೆ ಫೋರ್ಕ್ ಮಾಡುವವರು ಇಬ್ಬರು, ಒಂದೇ ಬೀದಿಯ ಎರಡು ತುದಿಯಲ್ಲಿ. ಪಳಗಿದ ಕಸುಬುದಾರರನ್ನೂ ಇಲ್ಲಿ ಮೇಷ್ಟ್ರೇ ಅನ್ನುವುದು. ಮೊದಲು ಗೌದೆಂಸಿಯೊ ಮೇಷ್ಟ್ರ ಹತ್ತಿರ ಹೋದೆ. ಬಾಗಿದ ಫೋರ್ಕನ್ನು ಕೈಗೆ ತಗೊಂಡು ಅವರು ನಿಟ್ಟುಸಿರುಬಿಟ್ಟರು.

"ನಾನೇ ಮಾಡಿದ್ದು ಇದು, ನಿಮ್ಮ ಮಾವನಿಗೆ. ಯಾರು ಇದನ್ನ ಕೊಂದಿದ್ದು?"

"ಹೆಂಡತಿ ಮೇಷ್ಟ್ರೇ. ಗೋಡೆಗೆ ಹೊಡೆದ್ಲು. ಏನ್ಮಾಡೋದು, ಹೆಂಗಸ್ರು!"

ಬಾಯಿಂದ ಹಾಗೆ ಬಂದುಬಿಟ್ಟಿತು. ಈಗ ನೆನೆದರೆ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

"ಬಂದಿದ್ದು ಒಳ್ಳೇದಾಯ್ತು. ಆ ಎರ್ಮೆಸ್ ಹತ್ರ ಹೋಗಿದ್ರೆ ಕೆಟ್ಟಿರೋದು" ಎಂದರು ಮೇಷ್ಟ್ರು. "ಅವನಿಗೆ ಗೇಟು ಬೆಸೆಯೋದು ಬಿಟ್ರೆ ಏನ್ ಬರತ್ತೆ?"

"ಏನೂ ಬರಲ್ಲ ಮೇಷ್ಟ್ರೇ! ಗೇಟಿನವನು! ಬೆಸುಗೆ ಅಂದ್ರೆ ಏನು ಅಂತಾನೇ ಅವನಿಗೆ ಗೊತ್ತಿಲ್ಲ!"

ಮೇಷ್ಟ್ರು ನನ್ನನ್ನು ಒಂದು ಥರಾ ನೋಡಿದರು. ಮೆಚ್ಚುಗೆ ಅಂದುಕೊಂಡೆ. ಆರ್ಡರ್ ಕೊಟ್ಟೆ.

ಮನೆಗೆ ಬಂದ ಮೇಲೆ ತಲೆಗೆ ಅನುಮಾನದ ಹುಳ ಹೊಕ್ಕಿತು. ಮೇಷ್ಟ್ರಿಗೆ ವಯಸ್ಸಾಗಿದೆ. ಕೈ ನಡುಗಿದರೆ? ಹೆಂಡತಿ ಇಳಿಜಾರಿನಲ್ಲಿ ಬಿದ್ದರೆ? ಒರ್ನೆಲ್ಲಾ ಪಟ್ಟಿ ಕಟ್ಟಲು ಬಂದರೆ? ಮಾರನೇ ದಿನವೇ ಬೀದಿಯ ಆ ತುದಿಗೆ, ಎರ್ಮೆಸ್ ಮೇಷ್ಟ್ರ ಹತ್ತಿರ ಹೋದೆ.

"ಗೌದೆಂಸಿಯೊ ಹತ್ರ ಹೋಗಿಲ್ಲ ತಾನೇ? ಅವನು ನಲ್ಲಿ ರಿಪೇರಿಗೆ ಲಾಯಕ್ಕು" ಎಂದರು ಇವರು.

"ಅದಕ್ಕೂ ಲಾಯಕ್ಕಿಲ್ಲ ಮೇಷ್ಟ್ರೇ! ಅವನು ಬೆಸೆದ ನಲ್ಲಿ ರಾತ್ರಿಯೆಲ್ಲ ತೊಟ್ಟಿಕ್ಕತ್ತೆ!"

ಅಲ್ಲೂ ಹೆಂಡತಿ ಗೋಡೆಗೆ ಹೊಡೆದಳು. ಅಲ್ಲೂ ಆರ್ಡರ್ ಕೊಟ್ಟೆ. ನನ್ನ ಚಾಣಾಕ್ಷತನ ನೋಡಿ! ಎರಡು ಫೋರ್ಕ್ ಬರುತ್ತವೆ, ಒಳ್ಳೆಯದನ್ನು ಇಟ್ಟುಕೊಳ್ಳುವುದು, ಇನ್ನೊಂದಕ್ಕೆ ಏನಾದರೂ ನೆಪ ಹೇಳಿ ಸಾಗಹಾಕುವುದು. ಕನ್ನಡಕದ ಫ್ರೇಮು ಆರಿಸುವವರನ್ನು ದಿನಾ ನೋಡುವ ನನಗೆ ಇದೆಲ್ಲ ಯಾವ ಲೆಕ್ಕ?

ಸವಾರಿಯ ಹಿಂದಿನ ದಿನ ಮಧ್ಯಾಹ್ನ, ಫ್ಲಾವಿಯಾ ಮೆಕ್ಕೆಜೋಳದ ಹಿಟ್ಟಿನ ಪೊಲೆಂತ ತಿರುವುತ್ತಿದ್ದಾಗ ಕರೆಗಂಟೆ ಹೊಡೆದುಕೊಂಡಿತು. ಬಾಗಿಲು ತೆಗೆದೆ. ಗೌದೆಂಸಿಯೊ ನಿಂತಿದ್ದರು. ಪಕ್ಕದಲ್ಲಿ ಎರ್ಮೆಸ್. ಹೆಗಲಿಗೆ ಹೆಗಲು!

ಬಾಗಿಲು ಮತ್ತೆ ಮುಚ್ಚಿಬಿಡಲೇ ಅನ್ನಿಸಿತು.

ಇಬ್ಬರೂ ಒಳಗೆ ಬಂದು ಮೇಜಿನ ಮೇಲೆ ಒಂದೊಂದು ಕಾಗದದ ಪೊಟ್ಟಣ ಇಟ್ಟರು. ಬಿಚ್ಚಿದೆ. ಅದರಲ್ಲೊಂದು ಕಾಲು, ಇದರಲ್ಲೊಂದು ಕಾಲು! ಥಳಥಳ ಹೊಳೆಯುವ, ಒಂದಕ್ಕೊಂದು ತದ್ರೂಪವಾಗಿ ಬಾಗಿದ, ಬಿಡಿಬಿಡಿ ಕಾಲುಗಳು.

"ಇದೇನು ಮೇಷ್ಟ್ರೇ?"

"ಇಬ್ಬರಿಗೂ ಆರ್ಡರ್ ಕೊಟ್ಟಿದ್ದೆಯಲ್ಲ, ಅರ್ಧರ್ಧ ಮಾಡಿದ್ವಿ" ಎಂದರು ಗೌದೆಂಸಿಯೊ.

"ಸೇರಿಸೋದು?"

"ಯಾರು ಸೇರಿಸ್ತಾರೆ ಮಾರಾಯ?" ಎಂದರು ಎರ್ಮೆಸ್. "ನಾನು ಗೇಟಿನವನು, ನನಗೆ ಬೆಸುಗೆ ಗೊತ್ತಿಲ್ಲ. ಇವನು ಬೆಸೆದ್ರೆ ರಾತ್ರಿಯೆಲ್ಲ ತೊಟ್ಟಿಕ್ಕತ್ತೆ."

"ಮೇಲಿನ ತಲೆ ಭಾಗ?" ಎಂದೆ, ಬೆವರು ಒರೆಸಿಕೊಳ್ಳುತ್ತಾ.

"ತಲೆ ನೀನೇ ಕೊಡ್ತೀಯ ಅಂದ್ಕೊಂಡ್ವಿ. ಆಮೇಲೆ ನೆನಪಾಯ್ತು, ನಿನ್ಹತ್ರ ಅದಿಲ್ಲ" ಎಂದರು ಗೌದೆಂಸಿಯೊ.

ಫ್ಲಾವಿಯಾ ಸೌಟು ಹಿಡಿದೇ ಈಚೆ ಬಂದಳು. "ಇವನು ನಿಮ್ಮಿಬ್ಬರ ಹತ್ರಾನೂ ಇನ್ನೊಬ್ಬರನ್ನ ಬೈದ್ನಾ?"

"ಬೈದ" ಎಂದರು ಇಬ್ಬರೂ.

"ಅಯ್ಯೋ ನಿನ್ನ!" ಎಂದು ನನ್ನ ಕಡೆ ತಿರುಗಿದಳು. "ನಾನು ಲಂಗ ಹಾಕ್ತಿದ್ದ ಕಾಲದಿಂದ ಇವರಿಬ್ಬರೂ ದಿನಾ ಸಂಜೆ ಇಸ್ಪೀಟಲ್ಲಿ ಜೊತೆಗಾರರು. ಅವರು ಬೈಕೊಳ್ತಾರೆ, ಅದು ಅವರ ಹಕ್ಕು. ಮಧ್ಯೆ ದನಿಗೂಡಿಸೋಕೆ ನೀನ್ಯಾರು?"

"ಅದು ಹೋಗ್ಲಿ ಮಗಳೇ, ಗೋಡೆಗೆ ಯಾಕೆ ಹೊಡೆದೆ?" ಎಂದರು ಎರ್ಮೆಸ್.

"ನಾನಾ? ಗೋಡೆಗಾ? ಇವನು ಗಾಳಿ ಅಂದ!"

"ಗಾಳಿಯೂ ಅಲ್ಲ, ಗೋಡೆಯೂ ಅಲ್ಲ. ಬರುವಾಗ್ಲೇ ನೋಡ್ದೆ, ನಿಮ್ಮ ಗೇಟಿನ ಕಮಾನಿಗೆ ನೀಲಿ ಬಣ್ಣ ಮೆತ್ಕೊಂಡಿದೆ. ನಾನು ಜೀವಮಾನದಲ್ಲಿ ಮಾಡಿದ್ದು ಒಂದೇ ಗೇಟು, ನಿಮ್ಮಪ್ಪ ಕಾಡಿದ ಅಂತ. ಅದೇ ಇದು." ಎರ್ಮೆಸ್ ಎದೆ ಸೆಟೆಸಿ ಗೌದೆಂಸಿಯೊ ಕಡೆ ತಿರುಗಿದರು. "ನೋಡಿದ್ಯಾ? ನಿನ್ನ ಫೋರ್ಕ್ ಬಾಗ್ತು, ನನ್ನ ಗೇಟು ಬಾಗ್ಲಿಲ್ಲ!"

"ಫೋರ್ಕ್ ಇರೋದು ಗೇಟು ಗುದ್ದೋಕಲ್ಲ, ಕತ್ತೆ!"

"ಹೌದೌದು, ಅದೆಂಥಾ..." ಎಂದು ಬಾಯಿ ತೆರೆದವನು ಮೂರು ಜನರ ಮುಖ ನೋಡಿ ಮುಚ್ಚಿಕೊಂಡೆ.

"ಕಾರಿನ ಮೇಲಿತ್ತು. ನಿನ್ನದನ್ನ ಮಾತ್ರ ಇಳಿಸ್ಕೊಂಡೆ. ಅಲ್ವಾ?" ಎಂದಳು ಫ್ಲಾವಿಯಾ. ದನಿ ಏರಿಸಿದ್ದರೆ ತಡೆದುಕೊಳ್ಳುತ್ತಿದ್ದೆ. ಏರಿಸಲಿಲ್ಲ. "ಊರಿಗೆಲ್ಲ ಕನ್ನಡಕ ಹಾಕ್ತೀಯ. ಅಪ್ಪನ ಸೈಕಲ್ ನಿನ್ನ ಕಣ್ಣಿಗೆ ಬೀಳ್ಲಿಲ್ಲ."

ನಿಜವಾಗಿ ನಾಚಿಕೆಯಾಯಿತು. ನೆಲ ನೋಡಿದೆ.

ಗೌದೆಂಸಿಯೊ ಕೆಮ್ಮಿದರು. ಜೇಬಿನಿಂದ ಇನ್ನೊಂದು ಪುಟ್ಟ ಪೊಟ್ಟಣ ತೆಗೆದರು. ತಲೆ ಭಾಗ! "ಸಂಜೆಯೊಳಗೆ ಸೇರಿಸಿ ಕೊಡ್ತೀವಿ ಮಗಳೇ. ನಿನಗೋಸ್ಕರ. ಇವನಿಗೋಸ್ಕರ ಆಗಿದ್ರೆ ನಲ್ಲಿ ಕೂಡಾ ಬೆಸೀತಿರಲಿಲ್ಲ."

ಊಟ ಮಾಡಿ ಎದ್ದರು. ನನ್ನ ಪಾಲಿನ ಪೊಲೆಂತವನ್ನೂ ಅವರೇ ತಿಂದರು. ಕೇಳುವ ಧೈರ್ಯ ನನಗಿರಲಿಲ್ಲ.

ಭಾನುವಾರ ಕೊನೆಯ ಏರಿನಲ್ಲಿ ಫ್ಲಾವಿಯಾ ಒರ್ನೆಲ್ಲಾಳನ್ನು ದಾಟಿದಳು. ದಾಟುವಾಗ, "ಮಂಡಿ ಹೇಗಿದೆ?" ಎಂದು ಕೇಳಿದಳಂತೆ! ಜನ ಮುತ್ತಿಕೊಂಡರು. ಯಾವ ಕಸುಬುದಾರರು ಮಾಡಿದ್ದು ಎಂದು ಯಾರೋ ಕೇಳಿದರು. "ಒಬ್ಬರು ಗೇಟಿನವರು, ಒಬ್ಬರು ನಲ್ಲಿಯವರು. ನಮ್ಮೆಜಮಾನ್ರ ಆಯ್ಕೆ" ಎಂದು ನನ್ನತ್ತ ಬೆರಳು ತೋರಿಸಿದಳು. ಇಬ್ಬರು ಮೇಷ್ಟ್ರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಏನು ಮಾಡಲಿ!

ಆದರೂ ಮನೆಗೆ ಮರಳುವಾಗ ನನ್ನ ಹಳೇ ಚಾಳಿ ಮರುಕಳಿಸಿತು. ಪ್ರವೇಶವಿಲ್ಲದಿದ್ದರೂ ಸವಾರಿಯವರಿಗೆ ತೋರಿಸಿ ಮೆರೆಯಲು ಏರಿಸಿಕೊಂಡು ಹೋಗಿದ್ದ ನನ್ನ ಕಾರ್ಬನ್ ಸೈಕಲ್, ಅವಳ ನೀಲಿ ಸೈಕಲ್, ಎರಡೂ ಕಾರಿನ ಮೇಲೆ. ದಾರಿಯುದ್ದಕ್ಕೂ ಕಸುಬುದಾರರನ್ನು ಆರಿಸುವುದು ಹೇಗೆ ಎಂದು ಉಪನ್ಯಾಸ ಕೊಟ್ಟೆ. ಗೇಟು ಬಂತು. ನಿಲ್ಲಿಸಿದೆ.

"ನೋಡು ಫ್ಲಾವಿಯಾ, ಕಲಿತಿದ್ದೀನಿ!" ಎಂದು ಇಳಿದೆ. ಅವಳೂ ಇಳಿದಳು. ನೀಲಿ ಸೈಕಲ್ಲನ್ನು ಎರಡೂ ಕೈಯಲ್ಲಿ ಇಳಿಸಿ, ಫೋರ್ಕಿನ ಧೂಳು ಒರೆಸಿ, ಅವಳ ಕೈಗೇ ಒಪ್ಪಿಸಿದೆ. ಮತ್ತೆ ಕಾರು ಹತ್ತಿದೆ.

"ಸಿಲ್ವಾನೋ..." ಎಂದಳು ಅವಳು.

"ಮಾತಾಡ್ಬೇಡ! ಈ ಸಲ ಎಲ್ಲ ನನ್ನ ಗಮನದಲ್ಲಿದೆ!"

ಧಡಾರ್!

ಕರಿ ಚೂರುಗಳು ಗಾಜಿನ ಮೇಲಿಂದ ಜಾರಿ ಬಿದ್ದವು. ಹೊರಗೆ ಬಂದು ನೋಡಿದೆ. ಫ್ಲಾವಿಯಾ ತುದಿಗಾಲಲ್ಲಿ ನಿಂತು ಕಮಾನನ್ನು ಸವರುತ್ತಿದ್ದಳು.

"ಸದ್ಯ, ಗೇಟಿಗೇನೂ ಆಗಿಲ್ಲ" ಎಂದಳು.

"ಗೇಟು ಹಾಳಾಗ್ಲಿ, ನನ್ನ ಸೈಕಲ್ಲೇ!"

"ಗಾಳಿ ಕಣೋ" ಎಂದಳು ನನ್ನ ಹೆಂಡತಿ, ನೀಲಿ ಸೈಕಲ್ ತಳ್ಳಿಕೊಂಡು ಒಳಗೆ ಹೋಗುತ್ತಾ. "ಕಾರ್ಬನ್ ಅಲ್ವಾ, ಒಳಗಿಂದ ಹಾದು ಹೋಗಿದೆ."