ಮೊದಲ ದರ್ಜೆಯ ಗೋಡೆ

ರೋಗಿಗಳಿಂದ ಆಸ್ಪತ್ರೆಗಳಿಗೆ ಆಗುತ್ತಿರುವ ಅನಾನುಕೂಲವನ್ನು ೧೯೬೨ರವರೆಗೆ ಯಾರೂ ಗಂಭೀರವಾಗಿ ಪರಿಗಣಿಸಿರಲಿಲ್ಲ. ಆ ವರ್ಷ ಕಂಕನಾಡಿ ಕಡೆಯ ನಮ್ಮ ಸಣ್ಣ ಆಸ್ಪತ್ರೆಗೆ ಮೊದಲ ದರ್ಜೆ ಕೊಡಬಹುದೇ ಎಂದು ನೋಡಲು ಸಮಿತಿಯೊಂದು ಬರುವುದೆಂದು ಗೊತ್ತಾದ ಮೇಲೆಯೇ ನಮ್ಮ ಕಣ್ಣು ತೆರೆಯಿತು.

ದೊಡ್ಡ ಡಾಕ್ಟರು ಮ್ಯಾಕ್ಸಿಮ್ ಸಿಬ್ಬಂದಿಯನ್ನೆಲ್ಲ ಸೇರಿಸಿ, "ಬದಲಾವಣೆಗೆ ಸಿದ್ಧರಿದ್ದೀರಾ?" ಎಂದು ಕೇಳಿದರು. ಗುಮಾಸ್ತನಾದ ನಾನೂ ಸೇರಿ ಎಲ್ಲರೂ ಕೈ ಎತ್ತಿದೆವು. ಯಾವ ಬದಲಾವಣೆ ಎಂದು ಕೇಳುವಷ್ಟು ಅವಿಧೇಯರು ನಮ್ಮಲ್ಲಿ ಇರಲಿಲ್ಲ. ಮರುದಿನ ಪ್ರಕಟಣೆ ಅಂಟಿಸಲಾಯಿತು:

"ರೋಗಿಗಳು ನೇರವಾಗಿ ಮಲಗತಕ್ಕದ್ದು. ಹೊದಿಕೆ ಸುಕ್ಕಾಗಕೂಡದು. ನರಳಲು ಇಚ್ಛಿಸುವವರು ಮುಂಚಿತವಾಗಿ ಅನುಮತಿ ಪಡೆಯತಕ್ಕದ್ದು."

ಬೆಂಗ್ರೆಯ ಮೀನುಗಾರ ಪೂವಪ್ಪ ದೋಣಿಯಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡು ಬಂದಿದ್ದ. ಅವನು ಅನುಮತಿಯಿಲ್ಲದೆ ನರಳಿದ. ಸಾಲದ್ದಕ್ಕೆ ಅವನ ಹೆಂಡತಿ ಅಪ್ಪಿ ತಂದ ಗಂಜಿ ಹೊಸ ಚಾದರದ ಮೇಲೆ ಚೆಲ್ಲಿತು.

"ಎಂತ ಪೂವಪ್ಪ, ಸಮಿತಿ ಹೋಗುವವರೆಗೆ ನೋವು ತಡೆಯಲಿಕ್ಕೆ ಆಗುದಿಲ್ವಾ?" ಎಂದರು ಸಿಸ್ಟರ್ ಗ್ಲ್ಯಾಡಿಸ್.

"ಕಾಲಿಗೆ ಪ್ಲಾಸ್ಟರ್ ಹಾಕಿದ್ರೆ ತಡೀತೇನೆ ಸಿಸ್ಟರ್. ಮಳೆಗಾಲ ಮುಗಿದ ಕೂಡಲೇ ಕಡಲಿಗೆ ಇಳಿಯಬೇಕು."

"ಪ್ಲಾಸ್ಟರ್ ಎಲ್ಲಿ ಉಂಟು ಮಾರಾಯ? ಇದ್ದದ್ದೆಲ್ಲ ವಾರ್ಡಿನ ಗೋಡೆಯ ಬಿರುಕಿಗೆ ಹಾಕಿ ಆಯ್ತು. ಸಮಿತಿಯವರು ನೋಡುದು ಗೋಡೆಯನ್ನು, ನಿನ್ನ ಕಾಲನ್ನಲ್ಲ."

ಪೂವಪ್ಪನಿಗೆ ಇದು ತಲೆಗೆ ಹೋಗಲಿಲ್ಲ. ಅವನಲ್ಲಿ ಬದಲಾವಣೆಗೆ ಸಿದ್ಧತೆ ಸಾಲದೆಂದು ತೀರ್ಮಾನಿಸಲಾಯಿತು.

ಇಂಥವರನ್ನು ನಂಬಿ ಕೂರುವಂತಿರಲಿಲ್ಲ. ತಪಾಸಣೆಯ ದಿನ ರೋಗಿಗಳನ್ನು ಜಗಲಿಗೆ ಕಳಿಸಿ, ಹಾಸಿಗೆಗಳಲ್ಲಿ ನಾವೇ ಮಲಗಿದೆವು. ಸಿಸ್ಟರ್ ಗ್ಲ್ಯಾಡಿಸ್ ಮಲಗಿದ ಚೆಂದ ನೋಡಬೇಕಿತ್ತು, ಒಂದು ಸುಕ್ಕಿಲ್ಲ.

ಸಮಿತಿಯ ಅಧ್ಯಕ್ಷರು ಬಹಳ ಮೆಚ್ಚಿದರು. "ರೋಗಿಗಳು ಇಷ್ಟು ಆರೋಗ್ಯವಾಗಿರುವ ಆಸ್ಪತ್ರೆಯನ್ನು ನಾನು ಕಂಡಿಲ್ಲ. ಸಿಬ್ಬಂದಿ ಎಲ್ಲಿ?"

ಡಾಕ್ಟರು ತಡಬಡಿಸದೆ ಜಗಲಿಯ ಕಡೆ ಕೈ ತೋರಿಸಿದರು. ಅಲ್ಲಿ ಪೂವಪ್ಪ ಕಂಬ ಹಿಡಿದು ಒಂಟಿಕಾಲಲ್ಲಿ ನಿಂತಿದ್ದ.

"ನಿನ್ನ ಕಾಲಿಗೆ ಏನಾಗಿದೆ?" ಎಂದರು ಅಧ್ಯಕ್ಷರು.

"ಮುರಿದಿದೆ ಸ್ವಾಮಿ."

ಮುರಿದ ಕಾಲಲ್ಲೂ ಕೆಲಸಕ್ಕೆ ಬರುವ ನಿಷ್ಠೆ ಕಂಡು ಅಧ್ಯಕ್ಷರು ಅವನ ಬೆನ್ನು ತಟ್ಟಿದರು.

ಮೊದಲ ದರ್ಜೆ ಸಿಕ್ಕಿತು. ಹೆಮ್ಮೆಯಿಂದ ನನಗಂತೂ ಮಲಗಿದ್ದಲ್ಲೇ ಕಣ್ಣು ತುಂಬಿತು. ಒಂದೇ ಷರತ್ತು: ತಪಾಸಣೆಯ ದಿನ ಕಂಡ ವ್ಯವಸ್ಥೆಯಲ್ಲಿ ಮುಂದೆ ಯಾವ ಬದಲಾವಣೆಯನ್ನೂ ಮಾಡತಕ್ಕದ್ದಲ್ಲ.

ಅಂದಿನಿಂದ ನಾವು ಹಾಸಿಗೆ ಬಿಟ್ಟಿಲ್ಲ. ಅಪ್ಪಿಯ ಗಂಜಿ ಈಗ ಸಿಸ್ಟರಿಗೆ ಬರುತ್ತದೆ. ಮಳೆಗಾಲ ಮುಗಿದು ದೋಣಿಗಳು ಕಡಲಿಗೆ ಇಳಿದವು. ಪೂವಪ್ಪನಿಗೆ ರಜೆ ಮಂಜೂರಾಗಲಿಲ್ಲ. ಕುಂಟುತ್ತ ವಾರ್ಡು ಸುತ್ತಿ ದಣಿದಾಗ ಅವನು ಬಿರುಕು ಮುಚ್ಚಿದ ಆ ಗೋಡೆಗೆ ಒರಗುತ್ತಾನೆ.

"ಹೋಗ್ಲಿ ಮಾರಾಯ್ರೆ," ಎನ್ನುತ್ತಾಳೆ ಅಪ್ಪಿ, "ನಿಮ್ಮ ಪ್ಲಾಸ್ಟರ್ ಅಲ್ಲೇ ಉಂಟಲ್ಲ."