ಸೋಸಲೆ ಅಣ್ಣನ ದೊಡ್ಡ ಟೈರು

ನಂಜನಗೂಡಿನ ನಮ್ಮ ಗ್ಯಾರೇಜಿಗೆ ಬಂದ ಗಾಡಿಗಳು ರಿಪೇರಿಯಾಗಿ ಹೋಗ್ತವೆ. ಓನರುಗಳು ಮಾತ್ರ ಬಂದಂಗೇ ಹೋಗ್ತಾರೆ. ಹತ್ತನೇ ಕ್ಲಾಸಿನ ಲೆಕ್ಕದಲ್ಲಿ ಡುಮ್ಕಿ ಹೊಡೆದು ನಾನಿಲ್ಲಿ ಸೇರಿದ ಮೇಲೆ ನಗದೆ ಉಂಡ ದಿನವೇ ಕಮ್ಮಿ. ಸೋಸಲೆ ಊರಿಂದ ಬರೋ ಗಿರಾಕಿ, ನಮ್ಮ ಸೋಸಲೆ ಅಣ್ಣನ ಪುಟ್ಟ ಜೀಪನ್ನೇ ನೋಡಿ.

ಮೆಟ್ಟಿಲು

ಅಣ್ಣನಿಗೆ ಶೋಕಿ. ನಾಲ್ಕು ಗಾಲಿಯೂ ಎಳೆಯೋ ಆ ಜೀಪಿಗೆ ನನ್ನ ಸೊಂಟದೆತ್ತರದ ಟೈರು ಹಾಕಿಸಿಕೊಂಡ. ಜೊತೆಗೆ ಬಂದಿದ್ದ ಅವನ ಅವ್ವನಿಗೆ ಹತ್ತೋಕೆ ಕಾಲೇ ಎಟುಕದು. ಹಾಲಿನ ಕ್ಯಾನು ಬೋರಲು ಹಾಕಿ ಹತ್ತಿಸಿದೆ. ಅವ್ವ ಕೂತು ಕೆಳಗೆ ನೋಡಿ, "ಲೇ ಮಗ, ಇದು ಜೀಪಾ ಅಟ್ಟಾನಾ? ಇಳಿಯೋಕೆ ಏಣಿ ಎಲ್ಲೈತ್ಲಾ?" ಅಂದ್ರು.

ಗಿಡ್ಡವಾದ ರಸ್ತೆ

ವಾರ ಬಿಟ್ಟು ಅಣ್ಣ ಬಂದ. "ಸೋಸಲೆಯಿಂದ ಇಲ್ಲಿಗೆ ಮೀಟರು ಮೂರು ಕಿಲೋಮೀಟರ್ ಕಮ್ಮಿ ತೋರಿಸ್ತದೆ ಕಣೋ!"

ದೊಡ್ಡ ಟೈರು ಒಂದೇ ಸುತ್ತಿಗೆ ಜಾಸ್ತಿ ದೂರ ಓಡ್ತದೆ, ಮೀಟರು ಹಳೇ ಲೆಕ್ಕಾನೇ ಎಣಿಸ್ತದೆ. ನಾನು ಅದನ್ನ ಹೇಳ್ತೀನಾ? "ರಸ್ತೆ ಅಗಲ ಮಾಡಿದ್ರಲ್ಲಣ್ಣ, ಉದ್ದದಲ್ಲಿ ಕತ್ತರಿಸ್ಕಂಡವ್ರೆ."

ಅಣ್ಣ ತಲೆ ಕೆರೆದುಕೊಂಡು, "ಹಂಗಾರೆ ಬಸ್ ಚಾರ್ಜ್ ಯಾಕ್ಲಾ ಇಳಿಸಿಲ್ಲ?" ಅಂದ.

ಐದಕ್ಕೆ ನಾಲ್ಕು

ಆಮೇಲೆ ನಿಜವಾದ ಫಜೀತಿ. ದನಕ್ಕೆ ಹುಲ್ಲು ತುಂಬಿದ್ರೆ ಜೀಪು ಹೊಳೆದಂಡೆ ಹತ್ತದು, ಅರ್ಧದಲ್ಲೇ ಉಸಿರು ಬಿಡ್ತದೆ. ಅವ್ವ ಗಡುವು ಕೊಟ್ರು: "ಸೋಮವಾರ ಹುಲ್ಲು ಮೇಲಕ್ಕೆ ಬರ್ಲಿಲ್ಲ ಅಂದ್ರೆ ಜೀಪು ಮಾರಿ ಎರಡು ಹಸ ಕಟ್ತೀನಿ."

ನಮ್ಮ ಮೇಸ್ತ್ರಿ, "ಟೈರು ದೊಡ್ಡದಾದ್ರೆ ಎಳೆತ ಕಮ್ಮಿ ಆಯ್ತದೆ, ಎರಡು ಗಾಲಿ ನಡುವಿನ ಡಿಫರೆನ್ಷಿಯಲ್ ಒಳಗಿನ ಹಲ್ಲುಚಕ್ರಾನೂ ಬದಲಾಗ್ಬೇಕು" ಅಂತ ಹಿಂದಿನ ಗಾಲಿಗಳದ್ದನ್ನ ಬದಲಿಸಿದ್ರು. "ಮುಂದಿನದು ಹಂಗೇ ಇರ್ಲಿ ಬುಡು, ಅದು ಶೋಕಿಗೆ."

ಫೋರ್‌ವೀಲ್ ಗೇರು ಹಾಕಿ ಬಿಟ್ಟರೆ ಜೀಪು ಗರಗರ ಅಂತ ಕುಪ್ಪಳಿಸಿ ನಿಂತೇಹೋಯ್ತು. ನಾನು ಜಾಕ್ ಕೊಟ್ಟು, ಟೈರಿಗೂ ಅದನ್ನ ತಿರುಗಿಸೋ ಉದ್ದನೆ ಶಾಫ್ಟಿಗೂ ಸೀಮೆಸುಣ್ಣದ ಗೆರೆ ಎಳೆದು, ಕೈಯಲ್ಲಿ ತಿರುಗಿಸಿದೆ. ಗಾಲಿ ಒಂದು ಸುತ್ತಿಗೆ ಹಿಂದಿನ ಶಾಫ್ಟು ಐದು ಸುತ್ತು, ಮುಂದಿನದು ನಾಲ್ಕೇ. "ಎರಡೂ ಒಂದೇ ಇರ್ಬೇಕು ಸಾ, ಇಲ್ಲಾಂದ್ರೆ ಒಂದನ್ನೊಂದು ಎಳೆದಾಡ್ತವೆ."

"ಲೆಕ್ಕದಲ್ಲಿ ಫೇಲಾದೋನು ನೀನೇನ್ಲಾ ಎಣಿಸೋದು?"

"ಐದರ ತಂಕ ಬತ್ತದೆ ಸಾ. ಫೇಲಾಗಿದ್ದು ಅದರಿಂದಾಚೆಗೆ."

ಸೋಮವಾರ

ಮುಂದಿನ ಹಲ್ಲುಚಕ್ರಾನೂ ಬದಲಿಸಿ ಐದು ಮಾಡಿ ಸೋಸಲೆಗೆ ಹೋದ್ವಿ. ಅವ್ವ ಜೀಪು ಕೊಳ್ಳೋನನ್ನ ಆಗಲೇ ಕರೆಸಿ ದಂಡೆ ಮೇಲೆ ನಿಲ್ಲಿಸಿದ್ರು. ಅಣ್ಣ ಕೆಳಗೆ ಹುಲ್ಲು ಬೆಟ್ಟದಂಗೆ ಹೇರಿ, ಫೋರ್‌ವೀಲ್ ಹಾಕಿ ಬಿಟ್ಟ. ಜೀಪು ಕೆಮ್ಮದೆ ಕ್ಯಾಕರಿಸದೆ ಸರಸರ ಮೇಲೆ ಬಂತು.

ಅಣ್ಣ ಧುಮುಕಿ, "ನೋಡವ್ವಾ! ಇನ್ನೂ ಮಾರ್ತೀಯಾ?"

"ಥೂ, ಇಷ್ಟು ಹುಲ್ಲು ತರೋ ಗಾಡೀನ ಯಾರಾರಾ ಮಾರ್ತಾರಾ?" ಅಂತ ಅವ್ವ ಕೊಳ್ಳೋನನ್ನ ಕಳಿಸಿಬಿಟ್ರು. ಅಣ್ಣ ಖುಷಿಗೆ ಮೀಸೆ ತಿರುವಿದ.

ಅವ್ವ ನಾಲ್ಕು ಟೈರನ್ನೂ ಒಂದು ಸುತ್ತು ಹಾಕಿ ನೋಡಿದ್ರು. "ನಾಳೆ ಹೋಗಿ ಹಸ ತಗಂಬಾ. ಎರಡು ಸಾಲದು, ಗಾಲಿಗೊಂದು."