ಡಾಕ್ಟರ ಮೋಟರ್ ಸೈಕಲ್ಲಿನ ಜಾಳಿಗೆ

ಓಣಿಗೆಲ್ಲ ಒಂದೇ ಮೋಟರ್ ಸೈಕಲ್ ಇದ್ದರೆ, ಅದನ್ನು ರಿಪೇರಿ ಮಾಡುವವನಿಗೆ ನಗುವ ಪ್ರಸಂಗಗಳ ಬರ ಬರುವುದಿಲ್ಲ.

ಸ್ವಾತಂತ್ರ್ಯ ಬಂದಿತ್ತು, ಕರ್ನಾಟಕ ಇನ್ನೂ ಒಂದಾಗಿರಲಿಲ್ಲ. ಬೆಟಗೇರಿಯಲ್ಲಿ ನನ್ನದು ಸೈಕಲ್ ಅಂಗಡಿ. ನಮ್ಮ ಓಣಿಯ ಡಾಕ್ಟರು ಮಿಲಿಟರಿಯವರು ಮಾರಿದ ಹಳೆಯ ಮೋಟರ್ ಸೈಕಲ್ ತಂದು ನನಗೆ ಒಪ್ಪಿಸಿದರು. ಪೆಟ್ರೋಲ್ ಇಳಿಯುವ ನಳದೊಳಗೆ ಹೆಬ್ಬೆರಳಿನಷ್ಟು ಹಿತ್ತಾಳೆಯ ಜಾಳಿಗೆ, ಅಂದರೆ ಸೋಸುವ ತಂತಿಬಲೆ. ಕಸ ತಡೆಯುವುದು ಅದರ ಕೆಲಸ. ತಿಂಗಳಿಗೊಮ್ಮೆ ತೊಳೆಯಬೇಕು, ಹರಿದರೆ ಬದಲಿಸಬೇಕು.

"ಮೂರು ಸಲ ದಾರ್ಯಾಗ ನಿಂತ್ರ ಹುಬ್ಬಳ್ಳಿ ಮಿಸ್ತ್ರಿ ಕಡೆ ಒಯ್ತೀನಿ ನೋಡು" ಎಂದರು ಡಾಕ್ಟರು. ಪಂಕ್ಚರ್ ತಿದ್ದುವ ನನ್ನನ್ನು ಜನ ಆಗಷ್ಟೇ ಮಿಸ್ತ್ರಿ ಎನ್ನತೊಡಗಿದ್ದರು. ಆ ಮರ್ಯಾದೆ ಹೋದೀತೆಂದು ನನಗೆ ಹೆದರಿಕೆ.

೧. ಜೋಳ

ಮೊದಲ ಸಲ ನಿಂತದ್ದು ಮುಂಡರಗಿ ದಾರಿಯಲ್ಲಿ. ಬಿಚ್ಚಿ ನೋಡಿದರೆ ಜಾಳಿಗೆ ಹರಿದಿದೆ, ನಳದ ಬಾಯಿಗೆ ಜೋಳದ ಕಾಳು ಸಿಕ್ಕಿಕೊಂಡಿದೆ. ಪೆಟ್ರೋಲಿನಲ್ಲಿ ಜೋಳ ಹೇಗೆ ಬಂತು? ತಡೆಯಲಾರದೆ ಪೆಟ್ರೋಲ್ ಮಾರುವವನ ಹತ್ತಿರವೇ ಹೋದೆ. ಆತ ಕಾಳು ತುಂಬುತ್ತಿದ್ದ ಡಬ್ಬಿಯಲ್ಲೇ ಪೆಟ್ರೋಲ್ ಅಳೆಯುತ್ತಿದ್ದ.

"ಇದೇನ್ ಮಾಡೀರಿ?" ಎಂದೆ.

ಕಾಳನ್ನು ಅಂಗೈಯಲ್ಲಿ ಹೊರಳಿಸಿ ನೋಡಿ ಹೇಳಿದ: "ಜ್ವಾಳ ದಪ್ಪ ಅಂತ ಕೈಗೆ ಸಿಕ್ಕೈತಿ. ನವಣಿ ಡಬ್ಬಿ ಇದ್ದಿದ್ರ ಏನ್ ಮಾಡ್ತಿದ್ದಿ?"

೨. ನೇಕಾರನ ಬಟ್ಟೆ

ಹೊಸ ಜಾಳಿಗೆ ಮುಂಬಯಿಯಿಂದ ಬರಬೇಕು. ಪಕ್ಕದ ಮನೆಯ ನೇಕಾರ ಬಿಡಲಿಲ್ಲ. "ಒಂದು ಬೆರಳ ಬಟ್ಟಿಗೆ ಮುಂಬೈ ಯಾಕೋ? ನಾ ಇಲ್ಲೇನು?" ಎಂದು ಮಗ್ಗದ ಮೇಲಿನ ಹೊಸ ಸೀರೆಯ ತುದಿಯನ್ನೇ ಕತ್ತರಿಸಿ ಕೊಟ್ಟ. ಗಂಜಿ ಹಾಕಿದ ನೂಲು, ಒತ್ತಾದ ನೇಯ್ಗೆ. ಹರಿದ ಜಾಳಿಗೆಗೆ ಅದನ್ನು ಸುತ್ತಿ ಕೂಡಿಸಿದೆ. ಗಾಡಿ ಹತ್ತಿರದ ಹಳ್ಳಿ ಅಸುಂಡಿಯನ್ನೂ ದಾಟಲಿಲ್ಲ.

ನಾನೂ ನೇಕಾರನೂ ಸೈಕಲ್ ತುಳಿದು ಅಲ್ಲಿಗೆ ಹೋದೆವು. ನೇಕಾರ ತನ್ನ ಬಟ್ಟೆಯನ್ನು ಬಿಸಿಲಿಗೆ ಹಿಡಿದು, ಡಾಕ್ಟರಿಗೆ ಹೆಮ್ಮೆಯಿಂದ ತೋರಿಸಿದ.

"ನೋಡ್ರಿ ಸಾಹೇಬ್ರ, ಒಂದು ಕಸಾನೂ ಒಳಗ ಹೋಗಿಲ್ಲ."

"ಪೆಟ್ರೋಲೂ ಹೋಗಿಲ್ಲಪಾ" ಎಂದರು ಡಾಕ್ಟರು.

೩. ಪೂಜೆ

ಕಡೆಗೂ ಮುಂಬಯಿಯ ಜಾಳಿಗೆ ಬಂತು. ಡಾಕ್ಟರ ಮನೆಯ ಅಂಗಳದಲ್ಲೇ ಹಾಕಲು ಕುಳಿತೆ. ಅಂತೂರ ಬೆಂತೂರ ಎಂಬ ಹಳ್ಳಿಯಲ್ಲಿ ಒಬ್ಬಾಕೆಗೆ ಹೆರಿಗೆ ನೋವು ಸುರುವಾಗಿತ್ತು, ಡಾಕ್ಟರು ಒಳಗೆ ಚೀಲ ಹೊಂದಿಸುತ್ತಿದ್ದರು. ಅಷ್ಟರಲ್ಲಿ ಅವರ ತಾಯಿ ಆರತಿ ತಟ್ಟೆ ಹಿಡಿದು ಬಂದರು.

"ಹೊಸಾದು ಪೂಜಿ ಇಲ್ಲದ ಹಾಕ್ತೀಯೇನು? ಕೊಡಿಲ್ಲಿ."

ಜಾಳಿಗೆಯ ಸುತ್ತ ಹಸಿ ವಿಭೂತಿ ಬಳಿದು, ಅದರ ಮೇಲೆ ಕುಂಕುಮ ಒತ್ತಿದರು. ನಾನು ಮೆಲ್ಲಗೆ ಅಂಗಿಯ ತುದಿ ಹಿಡಿದೆ.

"ಒರಸಬ್ಯಾಡ. ಪೂಜಿ ಮಾಡಿದ್ದನ್ನ ಒರಸ್ತಾರೇನು?"

ಹಿರಿಯರ ಮಾತು ಮೀರುವ ಧೈರ್ಯ ನನಗಿಲ್ಲ. ಹಾಗೇ ಕೂಡಿಸಿದೆ. ಅಂತೂರ ಬೆಂತೂರದ ಅಗಸಿ ಬಾಗಿಲು ಕಾಣುವಷ್ಟರಲ್ಲಿ ಗಾಡಿ ನಿಂತಿತು. ಡಾಕ್ಟರು ಚೀಲ ಹೊತ್ತು ಓಡಿದರು. ಅವರು ಮುಟ್ಟುವ ಮೊದಲೇ ಕೂಸು ಹುಟ್ಟಿ ಅಳುತ್ತಿತ್ತು, ತಾಯಿಯೂ ಆರಾಮಿದ್ದಳು.

ಸಂಜೆ ಗಾಡಿಯನ್ನು ಎತ್ತಿನ ಬಂಡಿಯಲ್ಲಿ ಹೇರಿಕೊಂಡು ಬಂದರು.

"ಮೂರು ಸಲ ಆತು. ನಾಳೆ ಹುಬ್ಬಳ್ಳಿಗೆ" ಎಂದರು ಡಾಕ್ಟರು. ತಾಯಿಗೆ ಕೆಂಪಾದ ಜಾಳಿಗೆಯನ್ನೂ ತೋರಿಸಿದರು. "ನೋಡವ್ವಾ, ನಿನ್ನ ಪೂಜಿಯಿಂದ ಗಾಡಿ ನಿಂತೈತಿ."

"ಪೂಜಿ ಮಾಡಿದ್ದಕ್ಕ ಊರ ಹತ್ರ ನಿಂತೈತಿ. ಇಲ್ಲಂದ್ರ ನಡು ಅಡವ್ಯಾಗ ನಿಲ್ತಿತ್ತು" ಎಂದರು ಅವರು. "ಹುಬ್ಬಳ್ಳಿಗೆ ಒಯ್ಯಿ, ನಾ ಏನ್ ಬ್ಯಾಡ ಅನ್ನೂದಿಲ್ಲ. ಅಲ್ಲೂ ಹೊಸಾದ ಹಾಕ್ತಾರಲ್ಲ, ಆರತಿ ತಟ್ಟಿ ತಗೊಂಡು ನಾನೂ ಬರ್ತೀನಿ."

ಡಾಕ್ಟರು ಗಾಡಿಯ ಹ್ಯಾಂಡಲ್ಲನ್ನು ನನ್ನ ಕಡೆ ತಿರುಗಿಸಿದರು.

"ಇಲ್ಲೇ ಇರಲಿ. ಆದ್ರ ಜಾಳಗಿ ಹಾಕೂದು ನಿನ್ನ ಅಂಗಡ್ಯಾಗ, ಬಾಗಲಾ ಹಾಕ್ಕೊಂಡು."